ಅಪ್ಪನ ಜೀಪಿನ ಮೆಟ್ಟಿಲು

ಅಪ್ಪನ ಜೀಪು ಹದಿನೈದು ವರ್ಷ ಅಫಜಲಪುರ ತಾಲೂಕಿನ ನಮ್ಮ ಊರ ಮನೆಯ ಹಿತ್ತಲಲ್ಲಿ ನಿಂತೇ ಇತ್ತು. ಬೆಕ್ಕು ಅದರ ಸೀಟಿನ ಮೇಲೆ ಮರಿ ಹಾಕುತ್ತಿತ್ತು. ಅಪ್ಪ ತೀರಿಕೊಂಡ ಮರುವರ್ಷ ಅಣ್ಣ ಅದನ್ನು ಎತ್ತಿಸಿ ಆಳಂದದ ಗ್ಯಾರೇಜಿಗೆ ಒಯ್ದ. "ಕಂಪನಿಯಿಂದ ಹ್ಯಾಂಗ ಬಂದಿತ್ತೋ ಹಾಂಗೇ ಮಾಡಸ್ತೀನಿ" ಎಂಬುದು ಅವನ ಹಟ.

ಕಂಪನಿಯಿಂದ ಜೀಪು ಹೇಗೆ ಬಂದಿತ್ತು? ಅದು ಹುಟ್ಟಿದ್ದೇ ಯುದ್ಧಕ್ಕೆ. ಅಮೆರಿಕದ ಸೈನ್ಯಕ್ಕೆ ಬೇಕಾದಷ್ಟು ಗಾಡಿಗಳನ್ನು ವಿಲ್ಲೀಸ್ ಕಂಪನಿಯೊಂದೇ ಪೂರೈಸಲಾರದೆಂದು 1941ರಲ್ಲಿ ಅದರ ನಕ್ಷೆಯನ್ನೇ ಫೋರ್ಡ್ ಕಂಪನಿಗೂ ಕೊಟ್ಟರು. ಇಬ್ಬರೂ ಸೇರಿ ಆರು ಲಕ್ಷಕ್ಕೂ ಮಿಕ್ಕಿ ಜೀಪು ಮಾಡಿದರು. ಒಬ್ಬರ ಸಾಮಾನು ಇನ್ನೊಬ್ಬರ ಗಾಡಿಗೆ ಕೂಡುತ್ತಿತ್ತು. ಫೋರ್ಡಿನವರು ತಮ್ಮ ಬೋಲ್ಟುಗಳ ತಲೆಯ ಮೇಲೂ ತಮ್ಮ ಹೆಸರಿನ ಮೊದಲಕ್ಷರ ಒತ್ತಿದ್ದರು. ಆದರೆ ರಣರಂಗದಲ್ಲಿ ಬೋಲ್ಟು ಯಾರದೆಂದು ನೋಡುವವರು ಯಾರು?

ನಮ್ಮ ದೇಶದಲ್ಲಿ ಮಹೀಂದ್ರದವರು 1949ರಲ್ಲಿ ಮುಂಬಯಿಯ ಮಜಗಾಂವದಲ್ಲಿ, ಹೊರಗಿನಿಂದ ಬಂದ ಬಿಡಿಭಾಗ ಜೋಡಿಸಿ ಜೀಪು ಕಟ್ಟಿದರು. ಅದರ ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಷ್ಟೇ ನಮ್ಮ ಸೀಮೆ ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾಗಿತ್ತು. ನಮ್ಮ ಮನೆಗೆ ಬಹಳ ವರ್ಷಗಳ ಮೇಲೆ ಬಂದದ್ದು ಎತ್ತರದ ಬಾನೆಟ್ಟಿನ ಸಿಜೆ-3ಬಿ. ಅಮೆರಿಕದಲ್ಲಿ 1968ಕ್ಕೆ ಅದನ್ನು ನಿಲ್ಲಿಸಿದರೂ ಇಲ್ಲಿ ಮುಂದೆಯೂ ಬಹಳ ವರ್ಷ ತಯಾರಾಯಿತು. ಅದಕ್ಕೇ ಇಂದಿಗೂ ಅದರ ಸಾಮಾನು ಸಿಗುತ್ತದೆ. ಸಿಕ್ಕದ್ದೆಲ್ಲ ಕೂಡುತ್ತದೆಂದಲ್ಲ!

ಅಣ್ಣ ಅಕ್ಕಲಕೋಟದ ದಾರಿ ಹಿಡಿದು ಸೊಲ್ಲಾಪುರಕ್ಕೆ ಓಡಾಡಿ ಸಾಮಾನು ತಂದ. ಹೊಸ ತಗಡಿನ ತೂತು ಹಳೆಯ ತೂತಿಗೆ ಕೂಡಲಿಲ್ಲ. ಮಿಸ್ತ್ರಿ ಅರದಿಂದ ತಿಕ್ಕಿ ಕೂಡಿಸಿದ. ಬಣ್ಣ ಹಚ್ಚುವ ಮೊದಲು ಒಮ್ಮೆ ಓಡಿಸಿ ನೋಡೋಣವೆಂದು ಅವ್ವನನ್ನೂ ಕೂಡಿಸಿಕೊಂಡು ಜೇವರ್ಗಿಯ ಸೋದರಮಾವನ ಮನೆಗೆ ಹೊರಟೆವು. ಕಟ್ಟಿಸಂಗಾವಿಯ ಹತ್ತಿರ, ಭೀಮಾ ನದಿಯ ಸೇತುವೆ ಇನ್ನೂ ಮುಂದಿರುವಾಗ, ಕುರಿಹಿಂಡು ಅಡ್ಡ ಬಂತು. ಅಣ್ಣ ತುಳಿದ ಬ್ರೇಕು ಸೀದಾ ನೆಲಕ್ಕೆ ಹತ್ತಿತು. ಗಾಡಿ ನಿಲ್ಲಲಿಲ್ಲ. ಅವನು ಕೈಬ್ರೇಕು ಜಗ್ಗಿದ. ಕುರಿಗಳಿಗೆ ಒಂದು ಮಾರು ಇರುವಾಗ ನಿಂತಿತು. ಅವ್ವ ನನ್ನ ತೋಳು ಹಿಡಿದ ಗುರುತು ಎರಡು ದಿನ ಹೋಗಲಿಲ್ಲ.

ಈ ಹಳೆಯ ಜೀಪಿನಲ್ಲಿ ನಾಲ್ಕು ಗಾಲಿಯ ಬ್ರೇಕಿಗೂ ಸೇರಿ ಎಣ್ಣೆಯ ಏರ್ಪಾಡು ಒಂದೇ. ಒಂದು ಗಾಲಿಯಲ್ಲಿ ಸೋರಿದರೆ ನಾಲ್ಕೂ ಹೋದಂತೆ. ಕೈಬ್ರೇಕು ಮಾತ್ರ ಬೇರೆ. ಅದು ಹಿಂದಿನ ಗಾಲಿಗೆ ಹೋಗುವ ಶಾಫ್ಟನ್ನು ಹಿಡಿಯುತ್ತದೆ. ಹಾಗಾಗಿ ಉಳಿದೆವು. ಗಾಲಿ ಬಿಚ್ಚಿ ನೋಡಿದರೆ ಹೊಸ ಬ್ರೇಕು ಸಿಲಿಂಡರಿನ ರಬ್ಬರು ಕೂದಲೆಳೆಯಷ್ಟು ಸಣ್ಣದು. ಕುಕ್ಕರಿನ ಗ್ಯಾಸ್ಕೆಟ್ ಅಷ್ಟು ಸಡಿಲಾದರೂ ಸೀಟಿ ಬಾರದೆಂಬುದು ನಮಗೆ ಗೊತ್ತಿಲ್ಲವೇ? "ಡಬ್ಬಿ ಮ್ಯಾಲಿನ ಹೆಸರ ನೋಡಿ ಹಾಕಿದ್ದೇ ತಪ್ಪಾತು ಅಕ್ಕಾರ, ಅಳತಿ ನೋಡಬೇಕಿತ್ತು" ಎಂದು ಮಿಸ್ತ್ರಿ ತಲೆ ತಗ್ಗಿಸಿದ. ಮುಂದೆ ಅವನು ಅಳೆಯದೆ ಒಂದು ಸಾಮಾನನ್ನೂ ಹಾಕಲಿಲ್ಲ. ತಗಡನ್ನು ತಿಕ್ಕಿ ಕೂಡಿಸಬಹುದು. ಬ್ರೇಕನ್ನು ಹಾಗೆ ಮಾಡಲಾಗದು.

ಕೊನೆಗೆ ಜಗಳ ಉಳಿದದ್ದು ಎಡಗಡೆಯ ಕಬ್ಬಿಣದ ಮೆಟ್ಟಿಲಿನದು. ಸೈನಿಕರಿಗೆಂದು ಮಾಡಿದ ಗಾಡಿ. ಸೀರೆ ಉಟ್ಟವಳು ಅದನ್ನು ಹೇಗೆ ಹತ್ತಬೇಕೆಂದು ಯಾರು ಯೋಚಿಸಿದ್ದರು? ನಾನು ಹೊಟ್ಟೆಯಲ್ಲಿದ್ದಾಗ ಅಪ್ಪ ಊರ ಕಮ್ಮಾರನಿಂದ ಮೆಟ್ಟಿಲು ಮಾಡಿಸಿ ಬೋಲ್ಟು ಬಿಗಿಸಿದ್ದ. ಮಳೆಗಾಲದಲ್ಲಿ ನಮ್ಮ ಎರೆಮಣ್ಣಿಗೆ ಎತ್ತಿನ ಬಂಡಿಯೂ ಸಿಕ್ಕಿಬೀಳುತ್ತಿತ್ತು. ಆಗ ಊರ ಎಷ್ಟೋ ಬಸುರಿಯರು ಆ ಮೆಟ್ಟಿಲು ತುಳಿದೇ ಆಸ್ಪತ್ರೆಗೆ ಹೋದವರು.

"ಇದು ಕಂಪನಿದಲ್ಲ ಯವ್ವಾ, ಬಿಚ್ಚಿ ತಗೀತೀನಿ" ಎಂದ ಅಣ್ಣ.

"ಕಂಪನಿಯವ್ರು ಬಂದು ನನ್ನ ಹತ್ತಿಸಿದ್ರೇನೋ? ಅದನ್ನ ತಗದರ ನಾ ಈ ಗಾಡಿ ಹತ್ತೂದಿಲ್ಲ."

ಅಣ್ಣ ಪಾನಾ ಕೆಳಗಿಟ್ಟ. ನಮ್ಮ ಕಡೆ ಕೌದಿ ಹೊಲಿಯುವವರು ಯಾವ ತುಂಡು ಯಾರ ಸೀರೆಯದೆಂದು ಹೇಳಬಲ್ಲರು; ತುಂಡು ಬೇರೆ ಬೇರೆಯೆಂದು ಕೌದಿಯನ್ನು ಯಾರೂ ಸುಳ್ಳೆನ್ನುವುದಿಲ್ಲ. ಜೀಪೂ ಹಾಗೆಯೇ ಅಲ್ಲವೇ?

ಮಿಸ್ತ್ರಿ ಮೆಟ್ಟಿಲಿನ ತುಕ್ಕು ತಿಕ್ಕಿ, ಸವೆದ ಎರಡು ಬೋಲ್ಟು ಬದಲಿಸಿ, ಬಣ್ಣ ಹಚ್ಚಿದ. ಈ ಸಲದ ಜಾತ್ರೆಗೆ ಹೊರಟಾಗ ಅವ್ವ ಸೀರೆಯ ನಿರಿಗೆ ಹಿಡಿದು ಅದರ ಮೇಲೆ ಕಾಲಿಟ್ಟಳು. ಯಾರ ಕೈಯನ್ನೂ ಬೇಡಲಿಲ್ಲ.