ಹಾರ್ಮೋನ್ ಗುಳಿಗೆ: ಯಾರು ನಿಲ್ಲಿಸಬೇಕು, ಯಾವಾಗ?

ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್, ಪ್ರೆಮರಿನ್ ಎಂಬ ಹೆಸರಿನಲ್ಲಿ 1942ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಮುಟ್ಟು ನಿಲ್ಲುವ ಹೊತ್ತಿನ ಮೈಯುರಿಗೆ, ರಾತ್ರಿಯ ಬೆವರಿಗೆ ಈಸ್ಟ್ರೋಜನ್‌ನಷ್ಟು ಹಿಡಿಯುವ ಮದ್ದು ಇವತ್ತಿಗೂ ಇನ್ನೊಂದಿಲ್ಲ. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ನ್ಯೂಯಾರ್ಕಿನ ವೈದ್ಯ 'ಫೆಮಿನೈನ್ ಫಾರೆವರ್' ಬರೆದು, ಮುಟ್ಟು ನಿಲ್ಲುವುದೇ ಒಂದು ರೋಗವೆಂದು ಸಾರಿದ. ಗುಳಿಗೆ ನಿಲ್ಲಿಸುವ ಮಾತಿಗೆ ಆ ಪುಸ್ತಕದ ಲೋಕದಲ್ಲಿ ಜಾಗವೇ ಇರಲಿಲ್ಲ.

1975ರಲ್ಲಿ ಮೊದಲ ಪೆಟ್ಟು ಬಿತ್ತು. ಬರೀ ಈಸ್ಟ್ರೋಜನ್ ನುಂಗಿದವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚೆಂದು ಎರಡು ಅಧ್ಯಯನಗಳು ತೋರಿಸಿದವು. ಆ ಪದರವನ್ನು ಕಾಯಲು ಪ್ರೊಜೆಸ್ಟೋಜನ್ ಸೇರಿಸುವ ಪದ್ಧತಿ ಬಂತು. ಗರ್ಭಕೋಶವೇ ಇಲ್ಲದವಳಿಗೆ ಆ ಜೋಡಿ ಸಾಮಾನ್ಯವಾಗಿ ಬೇಕಿಲ್ಲ ಎಂಬುದು ಮುಂದೆ ನಮಗೆ ಬಹಳ ಮುಖ್ಯವಾಗುತ್ತದೆ.

ಮದ್ದು ಬಿಡುವ ಮಾತು ದೊಡ್ಡದಾಗಿ ಎದ್ದದ್ದು 2002ರ ಜುಲೈಯಲ್ಲಿ. 'ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್' ಎಂಬ ಅಮೆರಿಕದ ಪ್ರಯೋಗದಲ್ಲಿ 16,608 ಮಹಿಳೆಯರಿದ್ದರು. ಸರಾಸರಿ ವಯಸ್ಸು 63. ಜೋಡಿ ಗುಳಿಗೆ ನುಂಗಿದ 10,000 ಮಂದಿಯಲ್ಲಿ ವರ್ಷಕ್ಕೆ 8 ಸ್ತನ ಕ್ಯಾನ್ಸರ್, 8 ಲಕ್ವ, 7 ಹೃದಯಾಘಾತ ಹೆಚ್ಚು ಕಂಡವು; ಸೊಂಟದ ಮೂಳೆ ಮುರಿತ 5 ಕಮ್ಮಿಯಾಯಿತು. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ಸುದ್ದಿ ಹಬ್ಬಿ, ಜಗತ್ತಿನೆಲ್ಲೆಡೆ ಲಕ್ಷಾಂತರ ಹೆಂಗಸರು ಗುಳಿಗೆ ಬಿಟ್ಟರು.

ಬಿಟ್ಟಮೇಲೆ ಏನಾಯಿತು? 2005ರಲ್ಲಿ ಅದೇ ಪ್ರಯೋಗದ ಮಹಿಳೆಯರನ್ನು ಕೇಳಿದಾಗ, ಮೊದಲಿಂದಲೇ ಮೈಯುರಿ, ಬೆವರಿದ್ದವರಲ್ಲಿ ಗುಳಿಗೆ ಬಿಟ್ಟ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಮರಳಿತ್ತು. ಒಮ್ಮೆಲೇ ಬಿಡಬೇಕೋ, ಮೆಲ್ಲಗೆ ಇಳಿಸಬೇಕೋ ಎಂಬ ವಾದವೂ ನಡೆಯಿತು. ಮೆಲ್ಲಗೆ ಇಳಿಸಿದರೆ ಮೊದಮೊದಲು ಕಾಟ ಕಮ್ಮಿಯಾಗಬಹುದು, ದೂರದಲ್ಲಿ ಎರಡೂ ಒಂದೇ ಎಂದಿತು ಬ್ರಿಟನ್ನಿನ 2015ರ ಮಾರ್ಗಸೂಚಿ. ಮೂಳೆಗೆ ಸಿಕ್ಕಿದ್ದ ಆಸರೆಯಂತೂ ಗುಳಿಗೆ ಬಿಟ್ಟ ಮೇಲೆ ಕರಗುತ್ತ ಹೋಗುತ್ತದೆ.

ಗದ್ದಲದಲ್ಲಿ ಒಂದು ಸಂಗತಿ ಮರೆಯಾಯಿತು. ಗರ್ಭಕೋಶ ತೆಗೆಸಿಕೊಂಡಿದ್ದ 10,739 ಮಂದಿಗೆ ಬರೀ ಈಸ್ಟ್ರೋಜನ್ ಕೊಟ್ಟ ಭಾಗವನ್ನೂ 2004ರಲ್ಲಿ ನಿಲ್ಲಿಸಿದರು, ಲಕ್ವ ಹೆಚ್ಚಿತ್ತು. ಆದರೆ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. 63ರ ಹೆಂಗಸಿನ ಜೋಡಿ ಗುಳಿಗೆಯ ಲೆಕ್ಕವನ್ನು ಇವರೆಲ್ಲರ ತಲೆಗೂ ಕಟ್ಟಿದ್ದು ಈ ಚರಿತ್ರೆಯ ದೊಡ್ಡ ಅನ್ಯಾಯ ಎಂದು ನನಗನಿಸುತ್ತದೆ.

ಗರ್ಭಕೋಶ ತೆಗೆಸಿಕೊಂಡವರ ಈ ಲೆಕ್ಕಕ್ಕೂ ಕಲಬುರಗಿಗೂ ನಂಟು ನೇರವಾದದ್ದು. ಬಿಳಿ ಸೆರಗು, ಸೊಂಟನೋವು ಎಂದು ಹೋದ ತಾಂಡಾದ ಲಂಬಾಣಿ ಮತ್ತು ದಲಿತ ಹೆಂಗಸರಿಗೆ 'ಚೀಲ ತೆಗೆಸು, ಇಲ್ಲಂದ್ರ ಕ್ಯಾನ್ಸರ್ ಆಗ್ತದ' ಎಂದು ಹೆದರಿಸಿ ಗರ್ಭಕೋಶ ಕೊಯ್ದು ತೆಗೆದ ಕತೆ 2015ರಲ್ಲಿ ಆರೋಗ್ಯ ಇಲಾಖೆಯ ತನಿಖೆಗೆ ಬಂತು. 30 ತಿಂಗಳಲ್ಲಿ 2,258 ಶಸ್ತ್ರಚಿಕಿತ್ಸೆ ಎಂದು ಪತ್ರಿಕೆಗಳು ವರದಿ ಮಾಡಿದವು. ಅನೇಕರು ಇನ್ನೂ 40 ದಾಟಿರಲಿಲ್ಲ. ಕರ್ನಾಟಕ ಜನಾರೋಗ್ಯ ಚಳವಳಿ, ವಿಮೋಚನಾ ಎಂಬ ಸಂಘಟನೆಗಳು ದನಿಯೆತ್ತಿದವು. 2017ರ ಫೆಬ್ರುವರಿಯಲ್ಲಿ ಹೆಂಗಸರೇ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕುಳಿತರು.

ಅಂಡಾಶಯವನ್ನೂ ತೆಗೆದರೆ ಈಸ್ಟ್ರೋಜನ್ ಒಂದೆರಡು ದಿನದಲ್ಲೇ ಕುಸಿಯುತ್ತದೆ. ಸಹಜವಾಗಿ ಅದು ವರ್ಷಗಳ ಇಳಿತ. ಅಂಡಾಶಯ ಉಳಿಸಿದರೂ ಅದರ ಕೆಲಸ ಒಂದಷ್ಟು ಬೇಗ ಮುಗಿಯುವುದುಂಟು. ಮುಟ್ಟೇ ಇಲ್ಲದವಳಿಗೆ ಅದು ಮುಗಿದದ್ದು ತಿಳಿಯುವುದು ಹೇಗೆ? ಕಮಲಾಪುರದ ಕಡೆ ತೊಗರಿ ಹೊಲದಲ್ಲಿ ಬಗ್ಗಿದವಳಿಗೆ ಎದೆಯಿಂದ ಕುತ್ತಿಗೆಗೆ, ನೆತ್ತಿಗೆ ಝಳ ಏರಿ, ಎರಡು ಮೂರು ನಿಮಿಷ ಬೆವರು ಹರಿದು, ಹಿಂದೆಯೇ ಚಳಿ ಹತ್ತುತ್ತದೆ. 42 ಡಿಗ್ರಿಯ ಬ್ಯಾಸಿಗಿಯಲ್ಲಿ ಬಿಸಿಲಿನದೋ ಒಳಗಿನದೋ ಗೊತ್ತಾಗುವುದಿಲ್ಲ. ಚಳಿಗಾಲದ ನಡುರಾತ್ರಿ ಕುಪ್ಪಸ ತೊಯ್ದು ಎಚ್ಚರವಾದಾಗಲೇ ಸಂಶಯ ಬರುವುದು.

ಅಮೆರಿಕದ ಮೇಯೊ ಕ್ಲಿನಿಕ್ ತಂಡದ 2006ರ ಅಧ್ಯಯನದಲ್ಲಿ, 45ಕ್ಕೆ ಮುಂಚೆ ಎರಡೂ ಅಂಡಾಶಯ ಕಳೆದುಕೊಂಡವರಲ್ಲಿ ಸಾವು ಹೆಚ್ಚಿತ್ತು; ಮುಖ್ಯವಾಗಿ 45ರವರೆಗೆ ಈಸ್ಟ್ರೋಜನ್ ಪಡೆಯದವರಲ್ಲಿ. ಇಂಥವರಿಗೆ ಅಡ್ಡಿಯ ಕಾರಣ ಬೇರೆ ಇಲ್ಲದಿದ್ದರೆ, ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಕೊಡಬೇಕೆಂಬುದು ಈಗಿನ ಒಪ್ಪಿತ ಸಲಹೆ. 2025ರ ನವೆಂಬರಿನಲ್ಲಿ ಅಮೆರಿಕ ಸರ್ಕಾರ ಈ ಮದ್ದುಗಳ ಮೇಲಿನ ಕಪ್ಪು ಚೌಕಟ್ಟಿನ ಎಚ್ಚರಿಕೆಯ ಬಹುಭಾಗವನ್ನು ತೆಗೆಸಲು ಹೊರಟಿತು. ಅದರಿಂದ ಎಲ್ಲರೂ ಮತ್ತೆ ಗುಳಿಗೆಗೆ ಓಡಬೇಕಿಲ್ಲ: ಸ್ತನ ಕ್ಯಾನ್ಸರ್ ಆದವರಿಗೆ ಅದು ಸಲ್ಲದು, ರಕ್ತ ಹೆಪ್ಪುಗಟ್ಟಿದ್ದವರು ವೈದ್ಯರೊಡನೆ ಕೂತು ತೂಗಿ ನೋಡಬೇಕು. ಚರ್ಮದ ಮೇಲೆ ಹಚ್ಚುವ ಜೆಲ್‌ನಲ್ಲಿ ಆ ಅಪಾಯ ಗುಳಿಗೆಗಿಂತ ಕಮ್ಮಿ.

ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ 2022ರ ಮಾರ್ಗಸೂಚಿಯನ್ನು ರಾಜ್ಯಗಳು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಅದು ಮುಂದಿನವರಿಗೆ. ಆಗಲೇ ಚೀಲ ತೆಗೆಸಿಕೊಂಡು ಕುಸನೂರಿನಲ್ಲೋ ತಾಂಡಾದಲ್ಲೋ ಬದುಕುತ್ತಿರುವವಳ ವಿಷಯದಲ್ಲಿ ಮೊದಲ ಪ್ರಶ್ನೆ, ಅಂಡಾಶಯ ಇದೆಯೇ ಎಂಬುದು. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ ಅದು ಇರಬೇಕು. ಚೀಟಿ ಕಳೆದಿದ್ದರೆ ಸ್ಕ್ಯಾನಿಂಗ್, ಎಫ್‌ಎಸ್‌ಎಚ್ ಎಂಬ ಹಾರ್ಮೋನಿನ ರಕ್ತಪರೀಕ್ಷೆ ಸುಳಿವು ಕೊಡುತ್ತವೆ. ಆಮೇಲೆ ಗುಳಿಗೆ ಶುರು ಮಾಡುವ ಮಾತು. ನಿಲ್ಲಿಸುವುದು ಎಷ್ಟೋ ವರ್ಷದ ನಂತರದ್ದು.