ಯಡಹಳ್ಳಿ ಅಡವಿಯ ಗುರುತಿಲ್ಲದ ಹಾದಿ: ಚಾರಣಕ್ಕೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ಬಾಗಲಕೋಟೆ ಜಿಲ್ಲೆಯೆಂದರೆ ಹೊರಗಿನವರಿಗೆ ನೆನಪಾಗುವುದು ಕಬ್ಬಿನ ಹೊಲ, ಸಕ್ಕರೆ ಕಾರ್ಖಾನೆ, ರಬಕವಿ-ಬನಹಟ್ಟಿಯ ಮಗ್ಗ, ಆಲಮಟ್ಟಿಯ ಹಿನ್ನೀರು. ಬಾಡಗಂಡಿಯ ಸುತ್ತಲಿನವರಿಗೆ ಮಾತ್ರ ಇನ್ನೊಂದು ನೆಲವೂ ಪರಿಚಿತವಾಗಿದೆ. ಅದು ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಹಬ್ಬಿರುವ ಯಡಹಳ್ಳಿಯ ಕುರುಚಲು ಅಡವಿ. ರಾಜ್ಯದ ಹೆಸರಾಂತ ಚಾರಣಪಥಗಳ ಸಾಲಿನಲ್ಲಿ ಇದರ ಹೆಸರಿಲ್ಲ. ಇಲ್ಲಿನ ಗುಡ್ಡಗಳು ಎತ್ತರವೂ ಅಲ್ಲ, ದುರ್ಗಮವೂ ಅಲ್ಲ. ಆದರೂ ಇಲ್ಲಿ ನಡೆಯುವುದು ಸುಲಭವೆಂದು ಭಾವಿಸುವುದು ಅಪಾಯಕರ. ಅಡವಿಗೆ ಕಾಲಿಡಬಯಸುವವರಿಗೆ ಅಗತ್ಯವಾದ ಮಾಹಿತಿಯನ್ನು ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ಧಾಮದ ಪರಿಚಯ

ಯಡಹಳ್ಳಿ ಅರಣ್ಯವನ್ನು ರಾಜ್ಯ ಸರ್ಕಾರವು 2016ರಲ್ಲಿ ಚಿಂಕಾರ ವನ್ಯಜೀವಿ ಧಾಮವೆಂದು ಘೋಷಿಸಿತು. ಇದರ ವಿಸ್ತೀರ್ಣ ಸುಮಾರು 96 ಚದರ ಕಿಲೋಮೀಟರು. ಚಿಂಕಾರಕ್ಕೆಂದೇ ಮೀಸಲಾದ ರಾಜ್ಯದ ಮೊದಲ ಧಾಮವಿದು. ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣಕ್ಕೆ ಇದೇ ಸ್ಥಾನ ದೊರೆತದ್ದು 2019ರಲ್ಲಿ.

ಚಿಂಕಾರವು ಹುಲ್ಲೆಯ ಜಾತಿಗೆ ಸೇರಿದ ಪುಟ್ಟ ಪ್ರಾಣಿ. ಭುಜದವರೆಗಿನ ಎತ್ತರ ಸುಮಾರು 65 ಸೆಂಟಿಮೀಟರು, ತೂಕ 20-25 ಕಿಲೋಗ್ರಾಂ. ರಾಜಸ್ಥಾನದ ಮರುಭೂಮಿಯಿಂದ ದಖ್ಖನಿನವರೆಗೆ ಹರಡಿರುವ ಈ ಪ್ರಾಣಿಯ ನೆಲೆಯ ದಕ್ಷಿಣದ ಅಂಚು ನಮ್ಮ ರಾಜ್ಯದಲ್ಲಿದೆ. ಎಲೆ, ಹುಲ್ಲಿನಲ್ಲಿರುವ ತೇವದಿಂದಲೇ ಅದು ಬಹುಕಾಲ ನೀರಿಲ್ಲದೆ ಬದುಕಬಲ್ಲದು. ಮನುಷ್ಯನ ಸುಳಿವು ಸಿಕ್ಕೊಡನೆ ಓಡಿಹೋಗುವುದು ಅದರ ಸ್ವಭಾವ. ತೋಳ, ಕತ್ತೆಕಿರುಬ, ನರಿಗಳಿಗೂ ಈ ಅಡವಿಯೇ ಆಶ್ರಯ.

ನೆಲದ ಗುಣ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ಇವೆರಡರ ನಡುವಿನ ದಿಣ್ಣೆಯ ನೆಲವಿದು. ಭೂವಿಜ್ಞಾನಿಗಳು ಕಲಾದಗಿಯ ಹೆಸರಿನಿಂದ ಗುರುತಿಸುವ ಅತಿ ಪ್ರಾಚೀನ ಶಿಲಾಸಮೂಹದ ಮರಳುಗಲ್ಲು, ಬೆಣಚುಕಲ್ಲುಗಳು ಈ ಭಾಗದಲ್ಲಿ ಗುಡ್ಡಸಾಲುಗಳಾಗಿ ನಿಂತಿವೆ. ಸಾಲುಗಳು ಬಹುಮಟ್ಟಿಗೆ ಪೂರ್ವ-ಪಶ್ಚಿಮವಾಗಿ ಚಾಚಿಕೊಂಡಿವೆ. ದಿಕ್ಕು ತಿಳಿಯಲು ಇದೊಂದು ಆಧಾರ.

ವರ್ಷಕ್ಕೆ 600 ಮಿಲಿಮೀಟರಿಗೂ ಕಡಿಮೆ ಮಳೆ ಬೀಳುವ ಈ ಸೀಮೆಯಲ್ಲಿ ಮುಳ್ಳುಕಂಟಿಗಳದೇ ಪ್ರಾಬಲ್ಯ. ಕಂಟಿಗಳ ನಡುವೆ ಕುರಿ, ಮೇಕೆ, ಕಾಡುಪ್ರಾಣಿಗಳು ತುಳಿದು ಮಾಡಿದ ಸೀಳುದಾರಿಗಳು ಅಸಂಖ್ಯ. ಇಲ್ಲಿನ ತೊಡಕು ದಾರಿ ಇಲ್ಲದಿರುವುದಲ್ಲ, ದಾರಿಗಳು ಹೆಚ್ಚಾಗಿರುವುದು. ಒಂದು ದಾರಿ ಮೂರಾಗಿ ಒಡೆಯುತ್ತದೆ. ಮೂರೂ ಒಂದೇ ತೆರನಾಗಿ ಕಾಣುತ್ತವೆ. ಒಂದು ಫರ್ಲಾಂಗಿನಾಚೆ ಕಲ್ಲುಹಾಸಿನ ಮೇಲೆ ಮೂರೂ ಮಾಯವಾಗುತ್ತವೆ. ಮಳೆಗಾಲದ ನಂತರ ಹುಲ್ಲು ಬೆಳೆದಾಗ ಸವೆದ ದಾರಿಯೂ ಮುಚ್ಚಿಹೋಗುತ್ತದೆ. ದೊಡ್ಡ ಮರ, ಎದ್ದುಕಾಣುವ ಶಿಖರಗಳು ವಿರಳವಾದ್ದರಿಂದ ಎಲ್ಲ ಇಳಿಜಾರುಗಳೂ ಒಂದೇ ಎನಿಸುತ್ತವೆ.

ಪರವಾನಗಿ ಮೊದಲು

1972ರ ವನ್ಯಜೀವಿ (ಸಂರಕ್ಷಣೆ) ಕಾಯಿದೆಯ 27ನೆಯ ಕಲಮಿನಂತೆ ಧಾಮದೊಳಗೆ ಎಲ್ಲರಿಗೂ ಮುಕ್ತ ಪ್ರವೇಶವಿಲ್ಲ. ಕರ್ತವ್ಯನಿರತ ಸರ್ಕಾರಿ ನೌಕರರು, ಒಳಗೆ ವಾಸಕ್ಕೆ ಅನುಮತಿ ಪಡೆದವರು, ಒಳಗೆ ಸ್ಥಿರಾಸ್ತಿಯ ಹಕ್ಕುಳ್ಳವರು, ಇಂಥವರ ಅವಲಂಬಿತರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು ಇವರನ್ನು ಬಿಟ್ಟು ಉಳಿದವರು ಪರವಾನಗಿ ಪಡೆಯಲೇಬೇಕು. ಅಧ್ಯಯನ, ಛಾಯಾಗ್ರಹಣ, ಪ್ರವಾಸ ಮುಂತಾದ ಉದ್ದೇಶಗಳಿಗೆ ಪರವಾನಗಿ ನೀಡಲು 28ನೆಯ ಕಲಮು ಅವಕಾಶ ಕೊಡುತ್ತದೆ. ಆಸಕ್ತರು ಮೊದಲು ಅರಣ್ಯ ಇಲಾಖೆಯ ಸ್ಥಳೀಯ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ಅನುಮತಿಯ ಜೊತೆಗೆ ಅಡವಿ ಬಲ್ಲ ಸಿಬ್ಬಂದಿಯೊಬ್ಬರ ಸಂಗಡ ದೊರೆತರೆ ದಾರಿ ತಪ್ಪುವ ಭಯವೂ ಅರ್ಧ ಕಡಿಮೆಯಾಗುತ್ತದೆ.

ಒಳಗೆ ಬೆಂಕಿ ಹಚ್ಚುವುದು, ಅನುಮತಿಯಿಲ್ಲದೆ ಆಯುಧ ಒಯ್ಯುವುದು ಅಪರಾಧ. ಮುಧೋಳ ಸೀಮೆಯ ಬೇಟೆನಾಯಿಗಳು ಲೋಕಪ್ರಸಿದ್ಧವಾದರೂ ಅವುಗಳಿಗೆ ಇಲ್ಲಿ ಎಡೆಯಿಲ್ಲ. ಪ್ರಾಣಿಯನ್ನು ಅಟ್ಟಿಸುವುದನ್ನೂ ಕಾಯಿದೆಯು ಬೇಟೆಯೆಂದೇ ಪರಿಗಣಿಸುತ್ತದೆ. ಚಿಂಕಾರವು ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿ. ಅದರ ಬೇಟೆಗೆ 3ರಿಂದ 7 ವರ್ಷಗಳ ಸೆರೆವಾಸ ಹಾಗೂ ದಂಡ ವಿಧಿಸಬಹುದಾಗಿದೆ.

ಯಾವಾಗ, ಹೇಗೆ?

ನವೆಂಬರಿನಿಂದ ಫೆಬ್ರುವರಿವರೆಗಿನ ಅವಧಿ ಯೋಗ್ಯ. ಮಾರ್ಚ್ ನಂತರ ಬಿಸಿಲು ಏರಿ, ಏಪ್ರಿಲ್-ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಬೆಳಕು ಹರಿದೊಡನೆ ಹೊರಟು ಹತ್ತು-ಹನ್ನೊಂದು ಗಂಟೆಯೊಳಗೆ ಮರಳುವುದು ಕ್ಷೇಮ. ಮುಳ್ಳುಕಂಟಿಯ ನಡುವೆ ಗಂಟೆಗೆ 2-3 ಕಿಲೋಮೀಟರಿಗಿಂತ ಹೆಚ್ಚು ಸಾಗಲಾಗದೆಂದೇ ಲೆಕ್ಕ ಹಾಕಬೇಕು.

ಬೇಸಿಗೆಯಲ್ಲಿ ಹಳ್ಳಗಳು ಬತ್ತಿರುತ್ತವೆ. ಆದ್ದರಿಂದ ತಲೆಗೆ 3-4 ಲೀಟರು ನೀರನ್ನು ಹೊತ್ತೊಯ್ಯಬೇಕು. ಅರ್ಧ ನೀರು ಮುಗಿದಾಗ ಎಲ್ಲಿದ್ದರೂ ಹಿಂದಿರುಗುವುದು ನಿಯಮವಾಗಿರಲಿ. ಒಂದು ಲೀಟರು ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಒಯ್ದರೆ ಬೆವರಿನಲ್ಲಿ ಹೋದ ಲವಣ ಮರಳುತ್ತದೆ. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಸಾಕು.

ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ನಕಾಶೆಯಲ್ಲಿ 2 ಸೆಂಟಿಮೀಟರು ಎಂದರೆ ನೆಲದ ಮೇಲೆ ಒಂದು ಕಿಲೋಮೀಟರು. ಈ ನಕಾಶೆ ಮತ್ತು ದಿಕ್ಸೂಚಿ ಕೈಯಲ್ಲಿರಲಿ. ಮೊಬೈಲನ್ನೇ ನಂಬುವವರು ನಕಾಶೆಯನ್ನು ಮೊದಲೇ ಇಳಿಸಿಕೊಂಡಿರಬೇಕು. ದಾರಿ ಒಡೆಯುವ ಪ್ರತಿಯೊಂದು ಕಡೆಯಲ್ಲೂ ಒಮ್ಮೆ ಹಿಂದಿರುಗಿ ನೋಡಬೇಕು. ಮರಳುವಾಗ ಕಾಣುವ ನೋಟ ಹೋಗುವಾಗಿನದಲ್ಲ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂಬುದನ್ನು ಮನೆಯಲ್ಲಿ ಬರೆದಿಟ್ಟು ಹೊರಡಬೇಕು.

ದಾರಿ ತಪ್ಪಿದರೆ

ನಿಂತುಬಿಡುವುದೇ ಮೊದಲ ಕೆಲಸ. ನೆರಳಿನಲ್ಲಿ ಕುಳಿತು, ಖಚಿತವಾಗಿ ಗೊತ್ತಿದ್ದ ಕೊನೆಯ ಸ್ಥಳ ಯಾವುದೆಂದು ನೆನೆದು ಅಲ್ಲಿಗೇ ಮರಳಬೇಕು. ಅಡ್ಡದಾರಿಯ ಆಸೆ ಬೇಡ. ಮರಳುವ ದಾರಿ ತಿಳಿಯದಾದರೆ ಅಲ್ಲಿಯೇ ಉಳಿದು 112ಕ್ಕೆ ಕರೆ ಮಾಡಬೇಕು. ಸಂಕೇತ ಸಿಗದಿದ್ದರೆ ಸಮೀಪದ ದಿಣ್ಣೆಯೇರಿ ಪ್ರಯತ್ನಿಸಬಹುದು. ಗುಂಪು ಒಡೆಯಬಾರದು.

ಬಿಸಿಲಿಗೆ ಸಿಕ್ಕವರು ಅಸಂಬದ್ಧವಾಗಿ ಮಾತನಾಡತೊಡಗಿದರೆ ಅದು ಬಿಸಿಲಾಘಾತದ ಲಕ್ಷಣ. ಕೂಡಲೇ ನೆರಳಿಗೆ ಒಯ್ದು, ಮೈಗೆ ನೀರು ಸಿಂಪಡಿಸಿ, ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಕಲ್ಲಿನ ಸಂದುಗಳಲ್ಲಿ ನಾಗರ, ಮಂಡಲದ ಹಾವುಗಳಿರಬಹುದು. ಕೈ ಇಡುವ ಮುನ್ನ ನೋಡಬೇಕು. ಪಾದ ಮುಚ್ಚುವ ಬೂಟು ಧರಿಸಬೇಕು. ಹಾವು ಕಚ್ಚಿದಲ್ಲಿ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಸಲ್ಲದು. ಕಚ್ಚಿದ ಅಂಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಸೇರಿಸಬೇಕು. ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದೊಂದೇ ಮದ್ದು.

ಗುರುತು ಹಾಕುವುದು ತರವೇ?

ಬಂಡೆಗಳಿಗೆ ಬಣ್ಣದ ಬಾಣ ಬಳಿದರೆ ಚಾರಣಿಗರಿಗೆ ಅನುಕೂಲವಲ್ಲವೇ ಎಂಬ ಪ್ರಶ್ನೆ ಸಹಜ. ಪಶ್ಚಿಮ ಘಟ್ಟದ ಕುಮಾರಪರ್ವತದ ಹಾದಿ ಎಲ್ಲರಿಗೂ ಗೊತ್ತಾದ ಮೇಲೆ ಏನಾಯಿತೆಂಬುದನ್ನು ಇಲ್ಲಿ ನೆನೆಯಬೇಕು. 2024ರ ಜನವರಿಯಲ್ಲಿ ಅಲ್ಲಿಗೆ ಏಕಕಾಲಕ್ಕೆ ಸಾವಿರಾರು ಜನ ನುಗ್ಗಿದರು. ಚಾರಣವನ್ನು ಕೆಲಕಾಲ ನಿಲ್ಲಿಸಿ, ಅಂತರ್ಜಾಲದ ಮೂಲಕ ಮುಂಗಡ ನೋಂದಣಿಯ ವ್ಯವಸ್ಥೆ ತರಬೇಕಾಯಿತು. ಘಟ್ಟದ ದಟ್ಟ ಕಾಡಿನಲ್ಲಿ ಪ್ರಾಣಿಗಳಿಗೆ ಅಡಗಲು ಮರೆಯುಂಟು. ಯಡಹಳ್ಳಿಯ ಬಯಲುಗುಡ್ಡದಲ್ಲಿ ಚಿಂಕಾರಕ್ಕೆ ದೂರವೊಂದೇ ರಕ್ಷಣೆ. ಹುಲ್ಲಿನಲ್ಲಿ ಮಲಗಿಸಿಟ್ಟ ಮರಿಯಿಂದ ತಾಯಿಯನ್ನು ದೂರವಿಡಲು ಗದ್ದಲದ ಒಂದು ಗುಂಪು ಸಾಕು. ಅಂಥ ಮರಿ ಒಂಟಿಯಾಗಿ ಕಂಡರೆ ಅನಾಥವೆಂದು ಎತ್ತಿಕೊಳ್ಳದೆ ಮೆಲ್ಲನೆ ಹಿಂದೆ ಸರಿಯಬೇಕು.

ಆದಕಾರಣ ಗುರುತುಗಳನ್ನು ಬಂಡೆಯ ಮೇಲೆ ಬರೆಯುವ ಬದಲು ನೆಲವನ್ನು ಬಲ್ಲವರಿಂದ ಕಲಿಯುವುದು ಲೇಸು. 1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಧಿಕ್ಕರಿಸಿದ ಬೇಡರ ಹಲಗಲಿಯೂ ಇದೇ ಮುಧೋಳ ತಾಲ್ಲೂಕಿನದು. ಇಂಥ ಊರುಗಳ ಹಿರಿಯರು, ಕುರಿಗಾರರು, ಅರಣ್ಯ ರಕ್ಷಕರು ಹಳ್ಳ, ದಿಣ್ಣೆಗಳನ್ನು ಹೆಸರಿನಿಂದ ಬಲ್ಲರು. ಅವರನ್ನು ಕೇಳಿ ಹೊರಡುವವರು ಕ್ಷೇಮವಾಗಿ ಮರಳುತ್ತಾರೆ. ಅಡವಿಯೂ ಕ್ಷೇಮವಾಗಿ ಉಳಿಯುತ್ತದೆ.