ಕಾವುಪೆಟ್ಟಿಗೆಯ ಚರಿತ್ರೆಯಲ್ಲಿ ನೀರು

ಕೃತಕ ಕಾವಿನ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಶಾಖದ ಚರಿತ್ರೆಯನ್ನೇ ಬರೆದಿದ್ದಾರೆ. ಈಜಿಪ್ಟಿನ ಮಣ್ಣಿಟ್ಟಿಗೆಯ ಗೂಡುಗಳಲ್ಲಿ ಕೆಲಸಗಾರರು ಮೊಟ್ಟೆಯನ್ನು ಕಣ್ಣೆವೆಗೆ ತಾಗಿಸಿ ಬಿಸಿಯನ್ನು ಅಳೆಯುತ್ತಿದ್ದರೆಂಬ ಸಂಗತಿ ಎಲ್ಲರಿಗೂ ಪ್ರಿಯ. ಆ ಗೂಡಿನ ಗಾಳಿಯಲ್ಲಿ ತೇವವೆಷ್ಟಿತ್ತೆಂದು ಕೇಳಿದವರು ವಿರಳ. ಆಷಾಢದ ಅಂಧೇರಿಯಲ್ಲಿ, ಹಾಸಿದ ಬಟ್ಟೆ ಮೂರು ದಿನವಾದರೂ ಒಣಗದಿರುವಾಗ, ಈ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಈ ತೊಡಕನ್ನು ಅನುಭವಿಸಿ ಬರೆದಿಟ್ಟವರಲ್ಲಿ ಫ್ರಾನ್ಸಿನ ರೆಯೋಮ್ಯೂರನು ಪ್ರಮುಖನು. ಅವನ ಗ್ರಂಥ ಪ್ರಕಟವಾದದ್ದು 1749ರಲ್ಲಿ. ಹುದುಗುವ ಗೊಬ್ಬರದ ಬಿಸಿಯಿಂದ ಮರಿ ಮಾಡಿಸಹೊರಟ ಅವನಿಗೆ ಗೊಬ್ಬರದ ಆವಿಯೇ ಶತ್ರುವಾಯಿತು, ಭ್ರೂಣಗಳು ಸತ್ತವು. ಕಡೆಗೆ ಪೀಪಾಯಿಗಳ ಒಳಮೈಗೆ ಗಾರೆ ಬಳಿದು ಗೊಬ್ಬರದಲ್ಲಿ ಹೂತು, ಬಿಸಿಯನ್ನು ಒಳಗೆ ಬಿಟ್ಟು ಆವಿಯನ್ನು ಹೊರಗೆ ತಡೆದನು. ಕೃತಕ ಕಾವಿನ ಶಾಸ್ತ್ರಕ್ಕೆ ನಿಜವಾದ ಆರಂಭ ಇದೆಂದು ನನ್ನ ಅಭಿಪ್ರಾಯ.

ಕಾರಣ ಸರಳ. ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮರಂಧ್ರಗಳಿವೆ. 50 ಗ್ರಾಮಿನ ಮೊಟ್ಟೆ ಮೊದಲ 18 ದಿನಗಳಲ್ಲಿ ಸುಮಾರು 6 ಗ್ರಾಮ್ ನೀರನ್ನು ಕಳೆದುಕೊಳ್ಳಬೇಕು. ಆ ತೆರವಿನಲ್ಲಿ ಬೆಳೆಯುವ ಗಾಳಿಕೋಶದಿಂದಲೇ ಮರಿಯ ಮೊದಲ ಉಸಿರು. ತೇವ ಹೆಚ್ಚಿದರೆ ಕೋಶ ಕಿರಿದಾಗಿ ಮರಿ ಒಳಗೇ ಮುಳುಗುತ್ತದೆ. ಕಡಿಮೆಯಾದರೆ ಒಣಗಿದ ಪೊರೆಗೆ ಅಂಟಿಕೊಂಡು ಸಾಯುತ್ತದೆ.

ಆದುದರಿಂದ ಕೈಪಿಡಿಗಳು ಮೊದಲ 18 ದಿನ ನೂರಕ್ಕೆ 50ರಿಂದ 55ರಷ್ಟು, ಕೊನೆಯ ಮೂರು ದಿನ 65ರಿಂದ 70ರಷ್ಟು ಸಾಪೇಕ್ಷ ಆರ್ದ್ರತೆಯನ್ನು ವಿಧಿಸುತ್ತವೆ. ಜೊತೆಗೆ, ನೀರಿನ ತಟ್ಟೆಯನ್ನು ಸದಾ ತುಂಬಿಡಿರೆಂಬ ಸೂಚನೆ. ಈ ಸೂಚನೆ ಶೀತದೇಶದ್ದು. ಅಲ್ಲಿಯ ತಣ್ಣನೆಯ ಗಾಳಿ ಪೆಟ್ಟಿಗೆಯೊಳಗೆ ಕಾದಾಗ ಬಹಳ ಒಣಗುತ್ತದೆ. ಅಂಧೇರಿಯ ಜುಲೈ ತಿಂಗಳಿನ ಗಾಳಿ 28 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ನೂರಕ್ಕೆ 85 ಎಂದಿಟ್ಟುಕೊಳ್ಳೋಣ. ಅದನ್ನೇ 37.5 ಡಿಗ್ರಿಗೆ ಕಾಯಿಸಿದರೆ ಆರ್ದ್ರತೆ ಸುಮಾರು 50. ತಟ್ಟೆಯಲ್ಲಿ ಒಂದು ಹನಿ ನೀರಿಲ್ಲದೆಯೇ ಕೈಪಿಡಿಯ ಅಂಕಿ ಕೈಗೂಡಿತು! ಅದರ ಮೇಲೆ ತಟ್ಟೆಯನ್ನೂ ತುಂಬಿದರೆ ರೆಯೋಮ್ಯೂರನ ಗೊಬ್ಬರದ ಗುಂಡಿಗೇ ಮರಳಿದಂತೆ. ನಮ್ಮಲ್ಲಿ ಅನೇಕರ ತವರಾದ ಕಲಬುರ್ಗಿಯ ಬೇಸಗೆಯಲ್ಲಾದರೋ, 35 ಡಿಗ್ರಿಯ, ನೂರಕ್ಕೆ 25ರ ಗಾಳಿ ಪೆಟ್ಟಿಗೆಯಲ್ಲಿ 22ಕ್ಕೆ ಇಳಿಯುತ್ತದೆ. ಅಲ್ಲಿ ನೀರೇ ಪ್ರಾಣ.

ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ (1956–61) ಕೇಂದ್ರ ಸರಕಾರವು ಸ್ಥಾಪಿಸಿದ ಪ್ರಾದೇಶಿಕ ಕೋಳಿಸಾಕಣೆ ಕ್ಷೇತ್ರಗಳಲ್ಲಿ ಒಂದು ಅಂಧೇರಿಯ ಮಗ್ಗುಲಿನ ಆರೆ ಕಾಲೊನಿಗೆ ಬಂದಿತು, ಇನ್ನೊಂದು ಬೆಂಗಳೂರಿನ ಬಳಿಯ ಹೆಸರಘಟ್ಟಕ್ಕೆ. ಒಂದು ಕಡಲ ಹತ್ತಿರ. ಇನ್ನೊಂದು ಸುಮಾರು 900 ಮೀಟರ್ ಎತ್ತರದಲ್ಲಿ, ತೆಳುಗಾಳಿಯಿಂದಾಗಿ ಮೊಟ್ಟೆಯ ನೀರು ಇನ್ನಷ್ಟು ಬೇಗ ಆರುವ ಕಡೆ. ಒಂದೇ ಯೋಜನೆಯ ಈ ಎರಡು ಕೂಸುಗಳಿಗೆ ಒಂದೇ ಅಂಕಿಯನ್ನು ಕೊಡಬಹುದು, ಒಂದೇ ತಟ್ಟೆಯನ್ನು ಕೊಡಲಾಗದು.

ಮನೆಯಲ್ಲಿ ಸಣ್ಣ ಪೆಟ್ಟಿಗೆಯಿಟ್ಟವರಿಗೆ ಆರ್ದ್ರತಾಮಾಪಕಕ್ಕಿಂತ ತಕ್ಕಡಿಯೇ ಹೆಚ್ಚು ನಂಬಿಕೆಯದು. ಮೊಟ್ಟೆಗಳನ್ನು ಮೊದಲ ದಿನ ತೂಗಿ, ವಾರಕ್ಕೊಮ್ಮೆ ಮತ್ತೆ ತೂಗಬೇಕು. ತೂಕ ನಿಧಾನವಾಗಿ ಇಳಿದರೆ ನೀರನ್ನು ತೆಗೆದು ಗಾಳಿಕಿಂಡಿಯನ್ನು ತೆರೆಯಬೇಕು. ಹದಿನೆಂಟನೆಯ ದಿನ ಮಾತ್ರ, ಹೊರಗೆ ಮಳೆ ಎಷ್ಟೇ ಸುರಿಯುತ್ತಿರಲಿ, ತಟ್ಟೆಗೆ ನೀರು ಹುಯ್ದು ಮುಚ್ಚಳವನ್ನು ಮುಚ್ಚಬೇಕು, ಮರಿಗಳು ಹೊರಬರುವ ತನಕ ತೆರೆಯಕೂಡದು.